ಏರು ಹನ್ನೆರಡು

ಯಂತ್ರ ಮನೆಯೊಳಗೆ ಬರಬೇಕಾದರೆ ಅಜ್ಜಿಯ ಮಂಚ ಜಾಗ ಬಿಡಬೇಕಾಯಿತು. ಬೀದಿಗೇನೂ ಹಾಕಲಿಲ್ಲ, ಅಡುಗೆಮನೆಗೆ ಅಂಟಿದ ಓಣಿಯಂಥ ಜಾಗಕ್ಕೆ ತಳ್ಳಿದರು, ಅಷ್ಟೇ. ಆದರೂ ಹತ್ತೊಂಬತ್ತು ವರ್ಷ ಕಿಟಕಿಯ ಕೆಳಗಿದ್ದ ಮಂಚ ಅದು. ಅಲ್ಲಿ ಮಲಗಿದರೆ ಬೀದಿಯಲ್ಲಿ ಹೋಗಿಬರುವವರು ಕಾಣುತ್ತಿದ್ದರು. ಹೊಸ ಜಾಗದಲ್ಲಿ ಕಾಣುವುದು ಈರುಳ್ಳಿ ಬುಟ್ಟಿ ಮತ್ತು ಗ್ಯಾಸ್ ಸಿಲಿಂಡರ್.

"ನಾಲ್ಕೇ ತಿಂಗಳು ಅತ್ತೆ," ಎಂದಳು ಸೊಸೆ, ಮಂಚದ ಒಂದು ಕಾಲು ಎತ್ತಿ ಹಿಡಿದು.

"ನಾಲ್ಕು ತಿಂಗಳಿಗೆ ನಾನು ಇರ್ತೀನೋ ಇಲ್ವೋ."

"ಹೀಗಂತ ನಾನು ಹುಟ್ಟಿದಾಗಿಂದ ಹೇಳ್ತಿದ್ದೀಯ ಅಜ್ಜಿ," ಎಂದಳು ಮೊಮ್ಮಗಳು. ಅವಳಿಗೆ ಹದಿನಾರು. ಆಳು ಗಿಡ್ಡ, ನಾಲಿಗೆ ಉದ್ದ. ಮನೆಯವರೆಲ್ಲ ಅವಳನ್ನು ಕರೆಯುವುದೇ ಮೆಣಸು ಎಂದು.

ಯಂತ್ರ ಬಂದದ್ದು ಸೊಸೆಯ ತಮ್ಮನ ಮನೆಯಿಂದ. ಅಲ್ಲಿ ಎರಡು ವರ್ಷ ಒದ್ದೆ ಬಟ್ಟೆ ಹೊತ್ತು ನಿಂತಿದ್ದ ಟ್ರೆಡ್‌ಮಿಲ್ ಅದು. ನಾಲ್ಕು ಜನ ಹೊತ್ತು ತಂದು, ಬಾಗಿಲಿನ ಚೌಕಟ್ಟಿಗೆ ಎರಡು ಕಡೆ ಗಾಯ ಮಾಡಿ, ಕಿಟಕಿಯ ಕೆಳಗೆ ಇಳಿಸಿದರು. ಗುಂಡಿ ಒತ್ತಿದರೆ ಅದರ ಮೂತಿ ಮೆಲ್ಲಗೆ ಮೇಲೇಳುತ್ತಿತ್ತು, ಚಾಪೆಯಂಥ ಪಟ್ಟಿ ಇಳಿಜಾರಾಗಿ ಹಿಂದಕ್ಕೆ ಹರಿಯುತ್ತಿತ್ತು.

"ಇದರ ಮೇಲೆ ನಡೆದ್ರೆ ಎಲ್ಲಿಗೆ ಹೋಗಬಹುದು?" ಅಜ್ಜಿ ಕೇಳಿದಳು.

"ಎಲ್ಲಿಗೂ ಇಲ್ಲ. ಇಲ್ಲೇ ಇರೋದು," ಎಂದಳು ಮೆಣಸು.

"ಗಾಣದೆತ್ತೂ ಇದ್ದಲ್ಲೇ ಸುತ್ತುತ್ತೆ. ಆದ್ರೆ ಅದು ಎಣ್ಣೆನಾದ್ರೂ ಕೊಡುತ್ತೆ," ಎಂದು ಅಜ್ಜಿ ತನ್ನ ದಿಂಬು ಎತ್ತಿಕೊಂಡು ಓಣಿಗೆ ಹೋದಳು. ಆಮೇಲೆ ಎಷ್ಟೋ ದಿನ ಅವಳು ಆ ಯಂತ್ರದ ಕಡೆ ತಿರುಗಿಯೂ ನೋಡಲಿಲ್ಲ.

ಇಷ್ಟೆಲ್ಲ ಆದದ್ದು ಅವಳ ಮಗನಿಗಾಗಿ. ಅವನು ಟವರ್ ಕ್ರೇನ್ ಓಡಿಸುವವನು. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಏಳಕ್ಕೆ ಕಬ್ಬಿಣದ ಏಣಿ ಹತ್ತಿ, ಹದಿನೈದು ಅಂತಸ್ತಿನ ಎತ್ತರದ ಗಾಜಿನ ಡಬ್ಬಿಯೊಳಗೆ ಕೂತರೆ ಇಳಿಯುವುದು ಸಂಜೆ ಐದಕ್ಕೆ. ಊಟದ ಡಬ್ಬಿಯೂ ಅವನ ಜೊತೆಗೇ ಮೇಲೆ ಹೋಗುತ್ತಿತ್ತು. ಮೇಲೆ ಕೆಲಸ ಮಾಡುವುದು ಕಣ್ಣು ಮತ್ತು ಹತ್ತು ಬೆರಳು. ಉಳಿದ ಮೈ ಸುಮ್ಮನೆ ಕೂತು ಬೆಳೆಯಿತು. ಕೆಳಗಿನವರು ಅವನನ್ನು ಹದ್ದು ಎನ್ನುತ್ತಿದ್ದರು. ಆ ಹೆಸರು ಅವನಿಗೆ ಇಷ್ಟ. ಮೇಲೆ ಯಾರ ಕಾಟವೂ ಇಲ್ಲ, ಯಾರಿಗೂ ಸಲಾಮು ಹೊಡೆಯಬೇಕಿಲ್ಲ, ಇಡೀ ಕಟ್ಟಡ ತನ್ನ ಬೆರಳಿನ ತುದಿಗೆ ಏಳುತ್ತದೆ. ಇದಕ್ಕಿಂತ ಒಳ್ಳೆಯ ಕೆಲಸ ಭೂಮಿಯ ಮೇಲೆ ಇದೆ ಎಂದು ಅವನು ನಂಬಿರಲಿಲ್ಲ.

ಸುರಕ್ಷತೆ ನೋಡಿಕೊಳ್ಳಲು ಹೊಸ ಅಧಿಕಾರಿ ಬಂದಳು. ಬಂದ ವಾರವೇ ಎಲ್ಲರನ್ನೂ ಬೂಟು, ಬೆಲ್ಟು ಸಮೇತ ತೂಗಿಸಿದಳು. ಏಣಿಯ ಮೇಲೆ ಕಾಲು ಜಾರಿದರೆ ಹಿಡಿದುಕೊಳ್ಳುವ ಹಗ್ಗ ನೂರು ಕಿಲೋಗೆ ಮಾಡಿದ್ದಂತೆ. ಇವನು ನೂರ ಹನ್ನೊಂದು ತೂಗಿದ.

"ನಾಲ್ಕು ತಿಂಗಳು ಟೈಮ್ ಕೊಡ್ತೀನಿ, ಅಲ್ಲಿವರೆಗೆ ನೆಲದ ಮೇಲಿರಿ," ಎಂದಿದ್ದಳು ಅವಳು. "ನೂರರ ಒಳಗೆ ಬನ್ನಿ, ಹತ್ತಿ. ಬರದಿದ್ರೆ ನೆಲದ ಕೆಲಸ ಖಾಯಂ."

ನೆಲದ ಕೆಲಸ ಎಂದರೆ ಕೈಯಲ್ಲಿ ರೇಡಿಯೋ ಹಿಡಿದು ಬಿಸಿಲಲ್ಲಿ ನಿಂತು, ಮೇಲೆ ಕೂತ ಇನ್ನೊಬ್ಬನಿಗೆ ಎಡಕ್ಕೆ, ಬಲಕ್ಕೆ, ನಿಧಾನ ಎನ್ನುವುದು. ಸಂಬಳವೂ ಕಡಿಮೆ, ಆದರೆ ಅವನನ್ನು ಚುಚ್ಚಿದ್ದು ಅದಲ್ಲ. ಮೊದಲ ದಿನವೇ ಕಬ್ಬಿಣ ಕಟ್ಟುವವನೊಬ್ಬ ಎಲ್ಲರೆದುರು, "ಏನಣ್ಣಾ, ಹದ್ದು ಕೋಳಿ ಆಯ್ತಲ್ಲ!" ಎಂದ. ಎಲ್ಲರೂ ನಕ್ಕರು, ಇವನೂ ನಕ್ಕ. ಮನೆಗೆ ಬಂದು ಶೂ ಬಿಚ್ಚದೆ ಒಂದು ಗಂಟೆ ಕೂತಿದ್ದ.

ಡಾಕ್ಟರು ಮಂಡಿ ಒತ್ತಿ ನೋಡಿ, ಓಡಬೇಡಿ ಎಂದರು. "ಏರು ನಡೀರಿ. ಬೆಟ್ಟ ಹತ್ತಿದ್ರೆ ಇಳೀಲೇಬೇಕು, ಇಳಿಯುವಾಗ ಮಂಡಿಗೆ ಪೆಟ್ಟು. ಈ ಯಂತ್ರದಲ್ಲಿ ಹತ್ತೋದಷ್ಟೇ, ಇಳಿಯೋದಿಲ್ಲ. ಏರು ಹನ್ನೆರಡಕ್ಕೆ ಇಡಿ, ವೇಗ ಐದು, ದಿನಾ ಅರ್ಧ ಗಂಟೆ." ಚೀಟಿಯ ಮೇಲೆ ಬರೆದೂ ಕೊಟ್ಟರು. ಸೊಸೆ ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದಳು.

ಸೊಸೆ ಲಾರಿ ತೂಗುವ ವೇಬ್ರಿಡ್ಜಿನಲ್ಲಿ ಕೆಲಸಕ್ಕಿದ್ದಳು. ಗಾಜಿನ ಗೂಡಿನಲ್ಲಿ ಕೂತು ದಿನಕ್ಕೆ ಇನ್ನೂರು ಲಾರಿಗಳ ತೂಕ ಬರೆದು, ಚೀಟಿ ಹರಿದುಕೊಡುವುದು. ಟೈರಿನ ಉಬ್ಬು ನೋಡಿಯೇ ಒಳಗೆ ಮರಳೋ ಜಲ್ಲಿಯೋ ಹೇಳಬಲ್ಲಳು. ಡ್ರೈವರುಗಳ ಕಣ್ಣಾಮುಚ್ಚಾಲೆಯೆಲ್ಲ ಅವಳಿಗೆ ಕಂಠಪಾಠ: ಖಾಲಿ ಲಾರಿ ತೂಗಿಸುವಾಗ ಸೀಟಿನ ಹಿಂದೆ ನೀರಿನ ಡ್ರಮ್ಮು ಅಡಗಿಸುತ್ತಾರೆ, ಕ್ಲೀನರನ್ನು ಕಂಬಳಿ ಹೊದಿಸಿ ಮಲಗಿಸುತ್ತಾರೆ. ಮನುಷ್ಯರ ಮಾತಿಗಿಂತ ಮುಳ್ಳಿನ ಮಾತು ಮೇಲು ಎಂದು ಅವಳಿಗೆ ಹನ್ನೆರಡು ವರ್ಷದ ಚಾಕರಿ ಕಲಿಸಿತ್ತು.

ಗಂಡನ ತೂಕ ಇಳಿಸುವ ಕೆಲಸವನ್ನೂ ಅವಳು ಹಾಗೇ ಹಿಡಿದಳು. ಪ್ರತಿ ಭಾನುವಾರ ಬೆಳಿಗ್ಗೆ ತೂಕ. ಅದೂ ಬೂಟು, ಬೆಲ್ಟು ಹಾಕಿಕೊಂಡು.

"ಮನೇಲೂ ಬೂಟ್ ಹಾಕ್ಬೇಕೇನೇ?"

"ಲಾರಿನ ಟಾರ್ಪಾಲು ಬಿಚ್ಚಿ ತೂಗ್ತಾರೇನ್ರೀ? ಹತ್ತಿ ಸುಮ್ನೆ."

ಊಟ ಬಟ್ಟಲಿನ ಲೆಕ್ಕಕ್ಕೆ ಬಂತು. ಅನ್ನ ಒಂದು ಬಟ್ಟಲು, ಬೇಳೆ ಒಂದು, ಸೊಪ್ಪು ಎಷ್ಟಾದರೂ, ಎಣ್ಣೆ ಚಮಚದಲ್ಲಿ. ಅಡುಗೆ ಮಾಡಿ ಬಡಿಸುವವಳು ಅಜ್ಜಿಯೇ. ಈ ಮನೆಯಲ್ಲಿ ಎಲ್ಲರೂ ಉಂಡಮೇಲೆ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಒಲೆಯ ಪಕ್ಕ ನಿಂತುಕೊಂಡೇ ತಿನ್ನುವುದು ಅವಳ ರೂಢಿ. ಅವಳ ಕೈಗೆ ಅಳತೆ ಗೊತ್ತಿರಲಿಲ್ಲ. ಸೌಟು ಎತ್ತಿದರೆ ಅದು ತುಂಬಿಯೇ ಬರುತ್ತಿತ್ತು.

"ಅತ್ತೆ, ಒಂದು ಬಟ್ಟಲು."

"ಹಾಕಿದ್ದು ಒಂದೇ ಬಟ್ಟಲಮ್ಮ."

"ಗೋಪುರ ಮಾಡಿದ್ದೀರಲ್ಲ. ತಲೆ ಕೆರೀರಿ ಅದಕ್ಕೆ."

ಅಜ್ಜಿ ಚಮಚದ ಬೆನ್ನಿನಿಂದ ಅನ್ನದ ತಲೆ ತೆಗೆದಳು. ಮಗ ತಟ್ಟೆಯನ್ನೇ ನೋಡುತ್ತ ಉಂಡ. ಉಂಡು ಎರಡು ಗಂಟೆ ಬಿಟ್ಟು ಯಂತ್ರ ಹತ್ತಿದ. ಎರಡೂ ಕೈಯಲ್ಲಿ ಕಂಬಿ ಹಿಡಿದು, ಎದುರಿನ ಕಿಟಕಿ ನೋಡುತ್ತ, ಅರ್ಧ ಗಂಟೆ ಧಡ್ ಧಡ್ ಎಂದು ನಡೆದ. ಕೆಳಮನೆಯವರು ಮೊದಲ ವಾರ ಎರಡು ಸಲ ಮೇಲೆ ಬಂದು, ಏನು ಕುಟ್ಟುತ್ತಿದ್ದೀರಿ ಎಂದು ಕೇಳಿ ಹೋದರು.

ಮೊದಲ ಎರಡು ವಾರದಲ್ಲಿ ಎರಡು ಕಿಲೋ ಇಳಿಯಿತು. ಮೂರನೆಯ ವಾರ ಅರ್ಧ. ನಾಲ್ಕನೆಯ ವಾರ ಮುಳ್ಳು ಅಲ್ಲಾಡಲಿಲ್ಲ. ಐದನೆಯ ವಾರ ಮುನ್ನೂರು ಗ್ರಾಂ ಏರಿತು.

ಸೊಸೆ ತಕ್ಕಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ನೋಡಿದಳು. ಗಂಡನನ್ನು ಕೆಳಗಿಳಿಸಿ, ನೆಲ ಒರೆಸಿ, ತಕ್ಕಡಿ ಮತ್ತೆ ಇಟ್ಟು ನೋಡಿದಳು. ಅಷ್ಟೇ ಬಂತು. "ಎಲ್ಲೋ ಡ್ರಮ್ಮು ಅಡಗಿದೆ," ಎಂದು ಮಾತ್ರ ಅಂದಳು.

ಅದು ಅವಳಿಗೆ ಸಿಕ್ಕಿದ್ದು ಮಂಗಳವಾರ, ಗಂಡನ ಪ್ಯಾಂಟು ಒಗೆಯುವಾಗ. ಜೇಬು ಹೊರಗೆಳೆದರೆ ಹುರಿದ ಕಡಲೆಬೀಜದ ಕೆಂಪು ಸಿಪ್ಪೆ, ಎರಡು ಬೀಜ. ಅದನ್ನು ಅಂಗೈಯಲ್ಲಿಟ್ಟುಕೊಂಡು ಸೀದಾ ಊಟದ ಮೇಜಿಗೆ ತಂದಳು. ಎಲ್ಲರೂ ಕೂತಿದ್ದರು, ಅಜ್ಜಿ ಸೌಟು ಹಿಡಿದು ನಿಂತಿದ್ದಳು.

"ಅತ್ತೆ, ಇದೇನು?"

ಅಜ್ಜಿ ನೋಡಿದಳು. ಸುಳ್ಳು ಅವಳಿಗೆ ಒಗ್ಗುತ್ತಿರಲಿಲ್ಲ. "ನಾನೇ ಕೊಟ್ಟೆ. ಹೋದ ವಾರ ಬಿಸಿಲಲ್ಲಿ ಬೆಂದು ಬಂದಿದ್ದ. ಮುಖ ನೋಡಕ್ಕಾಗ್ಲಿಲ್ಲ. ಒಂದು ಹಿಡಿ ಕೊಟ್ಟೆ."

"ಒಂದು ಹಿಡಿ."

"ಒಂದೇ ಹಿಡಿ ಕಣಮ್ಮ. ಒಂದೇ ದಿನ."

"ಒಂದು ಹಿಡಿ ಕಡಲೆಬೀಜಕ್ಕೆ ವಾರಗಟ್ಟಲೆ ತೂಕ ನಿಲ್ಲುತ್ತಾ ಅತ್ತೆ? ಬೆಳಿಗ್ಗೆಯಿಂದ ಸಂಜೆವರೆಗೆ ತೂಗ್ತಾ ಕೂರೋಳು ನಾನು. ನನಗೆ ಈ ಕತೆ ಹೇಳ್ತೀರಾ?"

"ಕತೆ ಯಾಕೆ ಹೇಳ್ಲಿ? ಅವನ್ನೇ ಕೇಳು."

ಸೊಸೆ ಗಂಡನ ಕಡೆ ತಿರುಗಿದಳು. "ಹೇಳ್ರೀ. ಒಂದೇ ಸಲಾನಾ?"

ಒಂದೇ ಸಲ. ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಅದರಲ್ಲೂ ಅರ್ಧ ಹಿಡಿ ತಿಂದು, ಉಳಿದದ್ದನ್ನು ನಾಚಿಕೆಯಾಗಿ ಜೇಬಿಗೆ ಹಾಕಿಕೊಂಡಿದ್ದ. ಆದರೆ ಹೌದು ಎಂದುಬಿಟ್ಟರೆ, ಮತ್ತೆ ತೂಕ ಯಾಕೆ ಇಳಿದಿಲ್ಲ ಎನ್ನುವ ಪ್ರಶ್ನೆ ಸೀದಾ ಅವನ ಮೈಮೇಲೆ ಬರುತ್ತದೆ. ಅವನು ಅನ್ನ ಕಲೆಸುತ್ತಲೇ ಇದ್ದ.

"ನನ್ನನ್ನ ಯಾಕೆ ಮಧ್ಯ ಎಳೀತೀರಾ? ಅಡುಗೆಮನೆ ಜಗಳ ನೀವಿಬ್ರೂ ಮಾತಾಡ್ಕೊಳ್ಳಿ," ಎಂದು ಅರ್ಧ ತಟ್ಟೆ ಬಿಟ್ಟು ಎದ್ದ.

ನೂರಾಳಿನ ತಲೆಯ ಮೇಲೆ ಟನ್ನುಗಟ್ಟಲೆ ಕಬ್ಬಿಣ ತೂಗಾಡಿಸುವ ಗಂಡಸು ಇಷ್ಟು ಸಣ್ಣ ಮಾತಿಗೆ ಹೆದರಿದ. ಅಜ್ಜಿ ಸೌಟನ್ನು ಪಾತ್ರೆಯೊಳಗೆ ಇಟ್ಟಳು.

"ನಾಳೆಯಿಂದ ಅಡುಗೆಮನೆಗೆ ಬರಬೇಡಿ ಅತ್ತೆ," ಎಂದಳು ಸೊಸೆ. ದನಿ ಏರಿಸಲಿಲ್ಲ, ಲಾರಿ ಡ್ರೈವರಿಗೆ ಹೇಳುವ ಹಾಗೆ ಹೇಳಿದಳು. "ನಾನೇ ಬೆಳಿಗ್ಗೆ ಎದ್ದು ಮಾಡಿಟ್ಟು ಹೋಗ್ತೀನಿ. ನೀವು ಬಡಿಸೋದೂ ಬೇಡ."

"ಆಯ್ತಮ್ಮ," ಎಂದಳು ಅಜ್ಜಿ.

ಅವಳ ಮಂಚ ಅಡುಗೆಮನೆಯ ಬಾಗಿಲಿಗೆ ಎರಡು ಮೊಳ ದೂರ. ಬೇಳೆ ಉಕ್ಕುವ ಸದ್ದು, ಒಗ್ಗರಣೆ ಸೀಯುವ ವಾಸನೆ ಎಲ್ಲ ಅಲ್ಲಿಗೇ ಬರುತ್ತಿತ್ತು. ಸೀಯುತ್ತಿದೆ ಎಂದು ಗೊತ್ತಾದರೂ ಅವಳು ಏಳುವಂತಿಲ್ಲ. ಮೊಮ್ಮಗಳು ತಟ್ಟೆ ತಂದುಕೊಟ್ಟರೆ ಮಂಚದ ಮೇಲೆ ಕೂತು ಒಬ್ಬಳೇ ತಿನ್ನುತ್ತಿದ್ದಳು. ತಿಂದ ತಟ್ಟೆಯನ್ನು ತೊಳೆಯಲು ಒಳಗೆ ಹೋಗಬಹುದೋ ಬಾರದೋ ತಿಳಿಯದೆ, ಬಚ್ಚಲಲ್ಲಿ ತೊಳೆದು ಮಂಚದ ಕೆಳಗೆ ಇಟ್ಟುಕೊಂಡಳು. ನಲವತ್ತು ವರ್ಷ ಈ ಸಂಸಾರಕ್ಕೆ ಬೇಯಿಸಿ ಹಾಕಿದವಳಿಗೆ ಇದರಿಂದ ಬಹಳ ನೋವಾಯಿತು. ಅವಳು ಅದನ್ನು ಯಾರ ಹತ್ತಿರವೂ ಆಡಲಿಲ್ಲ.

ಸೊಸೆಯದೂ ಸುಖವೇನಲ್ಲ. ಐದು ಗಂಟೆಗೆ ಅಲಾರಂ, ಅಡುಗೆ, ಡಬ್ಬಿ, ಬಸ್ಸು, ಇನ್ನೂರು ಲಾರಿ, ಮತ್ತೆ ಬಸ್ಸು, ಮತ್ತೆ ಅಡುಗೆ. ಒಂದು ದಿನ ಅನ್ನ ಸೀದರೆ ಇನ್ನೊಂದು ದಿನ ಬೇಳೆ ಬೇಯುತ್ತಿರಲಿಲ್ಲ.

"ಅಮ್ಮ, ಈ ಮನೇಲಿ ತೂಕ ಇಳೀಬೇಕಾದ್ದು ಅಪ್ಪ ಒಬ್ಬರದೇ ತಾನೆ?" ಮೆಣಸು ತಟ್ಟೆ ತಳ್ಳಿದಳು. "ನನಗ್ಯಾಕೆ ಈ ಹುಲ್ಲು?"

"ತಿನ್ನು. ಎರಡು ಅಡುಗೆ ಮಾಡಕ್ಕೆ ನನಗೆ ನಾಲ್ಕು ಕೈ ಇಲ್ಲ."

"ಅಜ್ಜಿಗೆ ಎರಡೇ ಕೈ ಇತ್ತು. ಮೂರು ಥರ ಮಾಡ್ತಿದ್ಲು."

"ಬಾಯಿ ಮುಚ್ಕೊಂಡು ತಿನ್ನು ಅಂದೆ!"

ಒಂದು ದಿನ ಅಲಾರಂ ಹೊಡೆದೂ ಹೊಡೆದೂ ನಿಂತಿತು. ಸೊಸೆ ಏಳಲಿಲ್ಲ. ಓಣಿಯಲ್ಲಿ ಅಜ್ಜಿ ಕಣ್ಣುಬಿಟ್ಟುಕೊಂಡೇ ಮಲಗಿದ್ದಳು. ಏಳಕ್ಕೆ ಹತ್ತು ನಿಮಿಷವಿರುವಾಗ ಮನೆಯವರೆಲ್ಲ ಎದ್ದು ಒಬ್ಬರ ಮೇಲೊಬ್ಬರು ಬಿದ್ದರು.

"ಎಚ್ಚರ ಇದ್ರಲ್ಲ ಅತ್ತೆ, ಒಂದು ಮಾತು ಕೂಗಿ ಎಬ್ಬಿಸಬಾರದಿತ್ತಾ?"

"ಅಡುಗೆಮನೆ ಸಮಾಚಾರ ನನಗೆ ಬೇಡ ಅಂದಿದ್ದು ನೀನೇ ಅಲ್ವೇನಮ್ಮ?"

ಸೊಸೆಗೆ ಅತ್ತುಬಿಡಬೇಕು ಅನ್ನಿಸಿತು. ಅಳಲು ಸಮಯ ಇರಲಿಲ್ಲ. ಬಸ್ಸಿಗೆ ಓಡಿದಳು.

ಆರನೆಯ ಭಾನುವಾರ ಇಳಿದದ್ದು ಇನ್ನೂರು ಗ್ರಾಂ. ಏಳನೆಯ ಭಾನುವಾರ ಅಷ್ಟೂ ಇಲ್ಲ. ನೂರ ಎಂಟೂವರೆಯ ಮೇಲೆ ಮುಳ್ಳು ಕಚ್ಚಿಕೊಂಡು ನಿಂತಿತ್ತು. ಈಗ ಅಡುಗೆಮನೆಯಲ್ಲಿ ಅಜ್ಜಿಯೂ ಇರಲಿಲ್ಲ.

"ಸೈಟಲ್ಲಿ ಏನು ತಿಂತೀರಿ? ನಿಜ ಹೇಳಿ."

"ನೀನು ಕಟ್ಟಿಕೊಟ್ಟಿದ್ದೇ."

"ಮತ್ತೆ?"

"ಮತ್ತೆ ಏನು? ನಾನೇನು ನಿನ್ನ ಲಾರಿನಾ, ಸೀಟು ಎತ್ತಿ ನೋಡಕ್ಕೆ?" ಅವನು ಬೂಟನ್ನು ಗೋಡೆಗೆ ಎಸೆದ. "ಸಾಕಾಯ್ತು ಕಣೆ. ಬಿಟ್ಬಿಡ್ತೀನಿ. ನೆಲದ ಮೇಲೆ ಕೋಟಿ ಜನ ಬದುಕ್ತಾರೆ, ನಾನೂ ಬದುಕ್ತೀನಿ."

"ಬಿಡಿ. ನನಗೂ ಸಾಕಾಗಿದೆ."

ಇಷ್ಟು ಹೇಳಿಯೂ ಅವನು ಯಂತ್ರ ಹತ್ತಿದ. ಬೇರೆ ಏನು ಮಾಡಬೇಕು ಎಂದು ಅವನಿಗೆ ತೋಚಲಿಲ್ಲ. ಮೂತಿ ಮೇಲೆದ್ದಿತು, ಪಟ್ಟಿ ಹರಿಯಿತು, ಧಡ್ ಧಡ್ ಶುರುವಾಯಿತು.

ಅಜ್ಜಿ ಒಗೆದ ಬಟ್ಟೆಯ ಬಕೆಟ್ಟು ಹಿಡಿದು ಮಹಡಿಗೆ ಹೊರಟಿದ್ದಳು. ಮಹಡಿಯ ಮೆಟ್ಟಿಲಿಗೆ ಹೋಗಬೇಕಾದರೆ ಯಂತ್ರವನ್ನು ದಾಟಬೇಕು. ದಿನವೂ ಮುಖ ತಿರುಗಿಸಿಕೊಂಡು ದಾಟುತ್ತಿದ್ದವಳು, ಅಂದು ಮಗ ಬೂಟು ಎಸೆದ ಸದ್ದು ಕೇಳಿದ್ದರಿಂದ ನಿಂತು ನೋಡಿದಳು. ನೋಡಿದವಳು ಬಕೆಟ್ಟು ಕೆಳಗಿಟ್ಟಳು.

"ನಿಲ್ಸೋ ಅದನ್ನ."

"ಇನ್ನೂ ಇಪ್ಪತ್ತು ನಿಮಿಷ ಇದೆ."

"ನಿಲ್ಸು ಅಂದೆ. ಕಂಬಿ ಯಾಕೆ ಹಿಡ್ಕೊಂಡಿದ್ದೀಯ?"

ಮಗ ತನ್ನ ಕೈಗಳನ್ನು ನೋಡಿಕೊಂಡ. ಅವು ಅಲ್ಲಿವೆ ಎಂದು ಅವನಿಗೆ ಆಗಲೇ ಗೊತ್ತಾದ ಹಾಗಿತ್ತು. "ಹಿಡ್ಕೊಳ್ಳಕ್ಕೇ ತಾನೆ ಅದನ್ನ ಇಟ್ಟಿರೋದು?"

"ಹಿಂದಕ್ಕೆ ವಾಲಿ ನೇತಾಡ್ತಿದ್ದೀಯಲ್ಲೋ. ಭಾರ ಎಲ್ಲ ಕೈ ಹೊರ್ತಾ ಇದೆ. ಕಾಲು ಬರೀ ತಾಳ ಹಾಕ್ತಾ ಇದೆ. ಏರು ಹತ್ತೋದು ಅಂದ್ರೆ ಇದಾ?"

ಏರು ಹತ್ತುವುದು ಏನು ಎಂದು ಈ ಮನೆಯಲ್ಲಿ ಗೊತ್ತಿದ್ದವಳು ಅವಳೊಬ್ಬಳೇ. ಗಂಡ ತೀರಿಕೊಂಡ ಮೇಲೆ ಹನ್ನೊಂದು ವರ್ಷ ಕಟ್ಟಡದ ಕೆಲಸದಲ್ಲಿ ಗಾರೆ ಹೊತ್ತವಳು. ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ತುಂಬಿದ ಬಾಂಡ್ಲಿ, ಕಾಲ ಕೆಳಗೆ ಸಾರುವೆಗೆ ಕಟ್ಟಿದ ಇಳಿಜಾರು ಹಲಗೆ. ಈ ಮಗ ಆಗ ಕೆಳಗೆ ಮರಳಿನ ಗುಡ್ಡೆಯ ಮೇಲೆ ಆಡುತ್ತಿದ್ದ. ಒಂದು ಕೈ ಬಾಂಡ್ಲಿಗೆ, ಇನ್ನೊಂದು ಕೈ ಗಾಳಿಗೆ. ಪಕ್ಕದ ಕಂಬ ಹಿಡಿದು ಹತ್ತಿದರೆ ಮೈ ಓರೆಯಾಗಿ ಗಾರೆ ಚೆಲ್ಲುತ್ತಿತ್ತು, ಮೇಸ್ತ್ರಿ ಬೈಯುತ್ತಿದ್ದ.

"ಇಳಿ," ಎಂದಳು. "ತೋರಿಸ್ತೀನಿ."

"ಅತ್ತೆ! ಬಿದ್ದುಗಿದ್ದೀರಿ!" ಸೊಸೆ ಓಡಿ ಬಂದಳು.

"ಮೂರು ಅಂತಸ್ತು ಬಾಂಡ್ಲಿ ಹೊತ್ತು ಹತ್ತಿದೋಳು ಕಣೆ ನಾನು. ಈ ಚಾಪೆ ಮೇಲೆ ಬೀಳ್ತೀನಾ? ಮೆಣಸು, ಇದನ್ನ ನಿಧಾನಕ್ಕೆ ಇಡು."

ಮೆಣಸು ವೇಗ ಎರಡಕ್ಕೆ ಇಳಿಸಿದಳು. ಏರು ಹನ್ನೆರಡೇ ಇತ್ತು. ಅರವತ್ತೊಂಬತ್ತು ವರ್ಷದ ಹೆಂಗಸು ಸೀರೆಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಲ್ಲಿ ಹತ್ತಿದಳು. ಎರಡು ಹೆಜ್ಜೆ ತಡವರಿಸಿ, ಆಮೇಲೆ ಕಾಲು ತನ್ನ ಹಳೆಯ ಪಾಠ ಹುಡುಕಿಕೊಂಡಿತು. ಸಣ್ಣ ಸಣ್ಣ ಹೆಜ್ಜೆ, ಮೈ ಒಂದಿಷ್ಟೇ ಮುಂದಕ್ಕೆ, ಕೈ ಎರಡೂ ಪಕ್ಕದಲ್ಲಿ ಖಾಲಿ. ಮೂರು ನಿಮಿಷ ನಡೆದು, ಏದುಸಿರು ಬಿಡುತ್ತ ಇಳಿದಳು. ಮೆಣಸು ನೀರು ಕೊಟ್ಟಳು.

"ಇದು ನಿಜವಾದ ಏರೇ," ಎಂದಳು, ಅಚ್ಚರಿಯಿಂದ. "ನಾನು ಸುಳ್ಳು ಏರು ಅಂದ್ಕೊಂಡಿದ್ದೆ. ಹತ್ತೋ ನೀನು. ಕೈ ತೆಗಿ."

ಮಗ ಹತ್ತಿದ. ಕೈ ತೆಗೆದ. ಮೂರನೆಯ ಹೆಜ್ಜೆಗೆ ಹಿಂದಕ್ಕೆ ಜಗ್ಗಿ, ಮತ್ತೆ ಕಂಬಿ ಅವುಚಿಕೊಂಡ.

"ಆಗಲ್ಲಮ್ಮ."

"ಯಾಕಾಗಲ್ಲ?"

"ಮೇಲೆ ಹಿಡಿ ಬಿಟ್ರೆ ಕ್ರೇನು ಗಕ್ಕಂತ ನಿಂತುಬಿಡುತ್ತೆ. ನೇತಾಡೋ ಲೋಡು ಬೀಸುತ್ತೆ, ಕೆಳಗೆ ಜನ ಇರ್ತಾರೆ. ಇಪ್ಪತ್ತೆರಡು ವರ್ಷ ನಾನು ಹಿಡಿ ಬಿಟ್ಟಿಲ್ಲ. ಮೈ ಅಲ್ಲಾಡ್ತಾ ಇದ್ರೆ ಕೈ ತಾನಾಗೇ ಹೋಗಿ ಹಿಡ್ಕೊಳ್ಳುತ್ತೆ."

"ಇಲ್ಲಿ ಕೆಳಗೆ ಯಾರೂ ಇಲ್ಲ ಕಣೋ," ಅಜ್ಜಿಯ ದನಿ ಮೆತ್ತಗಾಯಿತು. "ಯಾರ ತಲೆ ಮೇಲೂ ಏನೂ ಬೀಳಲ್ಲ. ಬಿಡು."

ವೇಗ ಮೂರಕ್ಕೆ ಇಳಿಸಿದರು. ಹತ್ತು ಎಣಿಸುವವರೆಗೆ ಬಿಟ್ಟ, ಹಿಡಿದ. ಇಪ್ಪತ್ತು ಎಣಿಸುವವರೆಗೆ ಬಿಟ್ಟ. ಎಂಟು ನಿಮಿಷಕ್ಕೆ ಅವನ ಅಂಗಿ ಬೆನ್ನಿಗೆ ಅಂಟಿತು, ಮುಖ ಕೆಂಪಾಯಿತು, ಇಳಿದು ನೆಲಕ್ಕೆ ಕೂತ. ಏಳು ವಾರ ಅರ್ಧ ಗಂಟೆ ನಡೆದರೂ ಆ ಅಂಗಿಯ ಬೆನ್ನು ಒಣಗಿಯೇ ಇರುತ್ತಿತ್ತು. ಅದನ್ನು ಒಗೆಯುತ್ತಿದ್ದ ಸೊಸೆಗೂ ಹೊಳೆದಿರಲಿಲ್ಲ.

ಮೆಣಸು ಅಷ್ಟರಲ್ಲಿ ಫೋನು ನೋಡಿ, "ಹೌದಂತಮ್ಮ, ಕಂಬಿ ಹಿಡ್ಕೊಂಡು ವಾಲಿದ್ರೆ ಏರು ಇದ್ದೂ ಇಲ್ಲದ ಹಾಗಂತೆ," ಎಂದಳು.

"ಅಯ್ಯೋ," ಎಂದಳು ಸೊಸೆ ಮೆಲ್ಲಗೆ. "ಒಂದು ಚಕ್ರ ತೂಕದ ಕಟ್ಟೆಯಿಂದ ಆಚೆ ನಿಂತಿತ್ತು." ಅವಳು ಕೆಲಸ ಮಾಡುವಲ್ಲಿ ಡ್ರೈವರುಗಳು ಆಡುವ ಅತಿ ಹಳೆಯ ಆಟ ಅದು. ಕಟ್ಟೆಯ ಮೇಲೆ ಪೂರಾ ನಿಲ್ಲದ ಲಾರಿ ಎಷ್ಟು ತೂಗಿದರೂ ಸುಳ್ಳೇ.

ಆಗ ಯಾರಾದರೂ ಒಂದು ಮಾತು ಆಡಬಹುದಿತ್ತು. ಸೊಸೆ, ಕಡಲೆಬೀಜ ಕೊಟ್ಟದ್ದಂತೂ ನಿಜ ತಾನೆ, ಒಂದೇ ಹಿಡಿ ಎಂದು ಯಾರು ಕಂಡವರು ಎಂದುಕೊಂಡಳು. ಮಗ ನೆಲದ ಮೇಲೆ ಕೂತು ನೀರು ಕುಡಿಯುತ್ತಿದ್ದ; ಅವನೂ ಆಡಲಿಲ್ಲ. ಅಜ್ಜಿ ಒಂದು ಗಳಿಗೆ ಕಾದು, ಬಕೆಟ್ಟು ಎತ್ತಿಕೊಂಡು ಮಹಡಿಗೆ ಹೋದಳು. ಅಡುಗೆಮನೆಯ ಕಟ್ಟಳೆಯನ್ನು ಯಾರೂ ತೆಗೆಯಲಿಲ್ಲ, ಅದು ಹಾಗೇ ಉಳಿಯಿತು.

ಮುಂದಿನ ಹತ್ತು ವಾರ ಮನೆಯಲ್ಲಿ ಸುಸ್ತು ಬಿಟ್ಟು ಬೇರೇನೂ ನಡೆಯಲಿಲ್ಲ ಎಂದರೆ ತಪ್ಪಲ್ಲ. ಬಿಸಿಲಲ್ಲಿ ನಿಂತು ಬಂದವನು ಸಂಜೆ ಯಂತ್ರ ಹತ್ತುತ್ತಿದ್ದ. ಅಜ್ಜಿ ಸ್ಟೂಲ್ ಹಾಕಿಕೊಂಡು ಪಕ್ಕದಲ್ಲಿ ಕೂರುತ್ತಿದ್ದಳು. "ಸಣ್ಣ ಹೆಜ್ಜೆ... ಕೈ... ಕೈ ಅಂದೆ," ಎನ್ನುವುದು ಬಿಟ್ಟು ಬೇರೆ ಮಾತಿಲ್ಲ. ಮೂರರಿಂದ ಮೂರೂವರೆ, ನಾಲ್ಕು. ಡಾಕ್ಟರು ಬರೆದ ಐದಕ್ಕೆ ಅವನು ಕೈ ಬಿಟ್ಟು ಒಂದು ದಿನವೂ ಮುಟ್ಟಲಿಲ್ಲ. ಮಂಡಿಗೆ ಮುಲಾಮು, ಹಿಮ್ಮಡಿಗೆ ಪಟ್ಟಿ. ಒಂದು ಸಂಜೆ, "ಬಾಯಿ ಮುಚ್ಚಮ್ಮ ಸಾಕು!" ಎಂದು ರೇಗಿದ. ಅವಳು ಬಾಯಿ ಮುಚ್ಚಿ ಬೆರಳಲ್ಲಿ ತೋರಿಸಿದಳು. ಅವನು ಕಂಬಿಯಿಂದ ಕೈ ತೆಗೆದ.

ತೂಕ ಇಳಿಯಿತು. ಒಮ್ಮೆ ಒಂದೂವರೆ ಕಿಲೋ, ಒಮ್ಮೆ ಅರ್ಧ, ಒಂದು ವಾರ ಏನೂ ಇಲ್ಲ. ಸೊಸೆ ಐದಕ್ಕೆ ಏಳುತ್ತಲೇ ಇದ್ದಳು, ಕಣ್ಣ ಕೆಳಗೆ ಕಪ್ಪು ಕಟ್ಟಿತು. ಎಷ್ಟೋ ಸಲ ಅತ್ತೆಯ ಮಂಚದ ಮುಂದೆ ಬಂದು ನಿಂತು, ಉಪ್ಪು ಎಷ್ಟು ಹಾಕಲಿ ಎಂದೋ ಏನೋ ಕೇಳಿ ಹೋಗುತ್ತಿದ್ದಳು. ಅಜ್ಜಿ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ಒಳಗೆ ಬನ್ನಿ ಎಂದು ಇವಳು ಅನ್ನಲಿಲ್ಲ, ಬರಲಾ ಎಂದು ಅವಳು ಕೇಳಲಿಲ್ಲ.

ಕೊನೆಯ ದಿನ ಬೆಳಿಗ್ಗೆ ಸುರಕ್ಷತೆಯ ಅಧಿಕಾರಿ ತೂಗಿದಾಗ ಬೂಟು, ಬೆಲ್ಟು ಸಮೇತ ತೊಂಬತ್ತೊಂಬತ್ತು ಕಿಲೋ ಆರುನೂರು ಬಂತು. ಅವಳು ಎರಡು ಸಲ ನೋಡಿ, ಸಹಿ ಹಾಕಿ, "ಹತ್ತಿ," ಎಂದಳು. ಅವನು ಹತ್ತಿದ. ನಡುವೆ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದವನು ಒಂದೇ ಕಡೆ ನಿಂತ. ಮೇಲೆ ತನ್ನ ಸೀಟು ಯಾರೋ ಮುಂದಕ್ಕೆ ಜರುಗಿಸಿದ್ದರು. ಅದನ್ನು ಹಿಂದಕ್ಕೆ ತಳ್ಳಿ ಕೂತು, ಹೆಂಡತಿಗೆ ಫೋನು ಮಾಡಿ, "ಕೂತೆ," ಎಂದಷ್ಟೇ ಹೇಳಿದ. ಸೊಸೆ ಅರ್ಧ ದಿನ ರಜೆ ಹಾಕಿ ಮನೆಗೆ ಬಂದಳು.

ಸಂಜೆ ಮೇಜಿನ ಮೇಲೆ ಬಟ್ಟಲಿನ ಲೆಕ್ಕ ಇರಲಿಲ್ಲ. ಅನ್ನ, ಬೇಳೆ, ಹುರಿದ ಆಲೂಗಡ್ಡೆ, ಮೊಟ್ಟೆ. ಎಣ್ಣೆಯೂ ಧಾರಾಳ. ಸೊಸೆ ಬಿಸಿ ಪಾತ್ರೆ ತಂದಿಟ್ಟು, ಓಣಿಯ ಬಾಗಿಲಿಗೆ ಹೋಗಿ ನಿಂತಳು. ಕೈಯಲ್ಲಿ ಸೌಟಿತ್ತು.

"ಬನ್ನಿ ಅತ್ತೆ. ಇವತ್ತು ನೀವೇ ಬಡಿಸಿ."

ತಪ್ಪಾಯಿತು ಎನ್ನಲು ಅವಳಿಗೆ ಬೇರೆ ದಾರಿ ತಿಳಿಯಲಿಲ್ಲ. ಅಜ್ಜಿ ಎದ್ದು ಬಂದಳು. ಸೌಟಿಗೆ ಕೈ ಚಾಚಲಿಲ್ಲ.

ಮಗ ಕುರ್ಚಿಯಲ್ಲಿ ಅತ್ತಿತ್ತ ಸರಿದಾಡಿದ. ಮೇಲೆ ಹತ್ತಿ ಬಂದ ಧೈರ್ಯ ಇನ್ನೂ ಮೈಯಲ್ಲಿತ್ತೋ ಏನೋ, "ಅಮ್ಮ ಅವತ್ತು ಕೊಟ್ಟಿದ್ದು ಒಂದೇ ಹಿಡಿ," ಎಂದ. "ಅದರಲ್ಲೂ ನಾನು ತಿಂದಿದ್ದು ಅರ್ಧ."

ಸೊಸೆ ಗಂಡನನ್ನು ನೋಡಿದಳು. "ಮತ್ತೆ ಅವತ್ತು ಕೇಳಿದ್ನಲ್ರೀ. ನಿಮ್ಮ ಮುಂದೆ ನಿಂತು ಕೇಳಿದ್ನಲ್ಲ. ಯಾಕೆ ಸುಮ್ನಿದ್ರಿ?"

"ಗೊತ್ತಾಗ್ಲಿಲ್ಲ."

"ಗೊತ್ತಿತ್ತು," ಎಂದಳು ಅಜ್ಜಿ. "ನಿನಗೆ ಗೊತ್ತಿದೆ ಅಂತ ನನಗೆ ಅವತ್ತೇ ಗೊತ್ತಿತ್ತು. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ಎರಡೂವರೆ ತಿಂಗಳು ಆ ಸ್ಟೂಲ್ ಮೇಲೆ ಕೂತೆ ಕಣೋ."

ಮಗ ತಲೆ ತಗ್ಗಿಸಿದ. ಸೊಸೆ ಸೌಟು ಹಿಡಿದೇ ಇದ್ದಳು. ಅವಳ ಕಣ್ಣು ತುಂಬಿತ್ತು. "ಅತ್ತೆ, ನನ್ನದೂ ತಪ್ಪು. ಬನ್ನಿ, ಬಡಿಸಿ."

"ಬೇಡಮ್ಮ," ಎಂದಳು ಅಜ್ಜಿ. ಸಿಟ್ಟಿರಲಿಲ್ಲ, ದಣಿವಿತ್ತು. ಮೊಮ್ಮಗಳ ಪಕ್ಕದ ಕುರ್ಚಿ ಎಳೆದು ಕೂತಳು. ಖಾಲಿ ತಟ್ಟೆಯೊಂದನ್ನು ತನ್ನ ಮುಂದಕ್ಕೆ ಇಟ್ಟುಕೊಂಡಳು. "ಸೌಟು ಅವನ ಕೈಗೆ ಕೊಡು."

ಮಗ ಎದ್ದು ಸೌಟು ತೆಗೆದುಕೊಂಡ. ಯಾವತ್ತೂ ಬಡಿಸಿದವನಲ್ಲ, ಅನ್ನ ಮೇಜಿನ ಮೇಲೆ ಚೆಲ್ಲಿತು, ಬೇಳೆ ತಟ್ಟೆಯ ಅಂಚಿಗೆ ಹರಿಯಿತು. ಮೆಣಸು ನಗಲು ಹೋಗಿ, ತಾಯಿಯ ಮುಖ ನೋಡಿ, ಚೆಲ್ಲಿದ ಅಗುಳು ಆರಿಸತೊಡಗಿದಳು.

"ಸಾಕಾಮ್ಮ?"

ಅಜ್ಜಿ ತಟ್ಟೆ ನೋಡಿದಳು.

"ಇನ್ನೊಂದು ಸೌಟು ಹಾಕು. ನನ್ನನ್ನೇನು ಯಾರೂ ತೂಗಲ್ಲ."